ಕಣದ ಮೆಣಸಿನಕಾಯಿ, ಟಾಟಾ ಇನ್‌ಸ್ಟಿಟ್ಯೂಟಿನ ಹಲಗೆ

ಅಕ್ಕನ ಮಗಳನ್ನು ಕರೆದುಕೊಂಡು ಕೊಳಗಲ್ಲಿನಿಂದ ಬಳ್ಳಾರಿ ಸ್ಟೇಷನ್ನಿಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಹಂಪಿ ಎಕ್ಸ್‌ಪ್ರೆಸ್ ಹಿಡಿಯಬೇಕು. ಅವಳ ಚೀಲದಲ್ಲಿ ಗೇಟ್ ಪರೀಕ್ಷೆಯ ಅಂಕಪಟ್ಟಿ, ನನ್ನ ಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಪುಡಿ. ಬಳ್ಳಾರಿಯಲ್ಲೇ ಮೆಕ್ಯಾನಿಕಲ್ ಬಿ.ಇ. ಮುಗಿಸಿದ ಹುಡುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಮ್ಯಾನೇಜ್‌ಮೆಂಟ್ ಓದಬೇಕೆಂದು ಸಂದರ್ಶನಕ್ಕೆ ಹೊರಟಿದ್ದಳು. ಎರಡು ವರ್ಷದ ಓದು. ಕಲಿಸುವುದು ವ್ಯವಹಾರ, ಆದರೆ ಇಂಜಿನಿಯರಿಂಗ್ ಓದಿ ಬಂದವರಿಗೆ ಮಾತ್ರ ಪ್ರವೇಶ.

ಊರಿನವರು ಯಾರಾದರೂ ದೂರ ಹೊರಟರೆ ನನಗೆ ನಮ್ಮೂರ ಶಾಸನ ನೆನಪಾಗುತ್ತದೆ. ಕ್ರಿ.ಶ. 967ರದು ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಆಳುತ್ತಿದ್ದ ಸುದ್ದಿ ಅದರಲ್ಲಿದೆ. ಬಂಗಾಳದ ವರೇಂದ್ರಿ ಸೀಮೆಯಿಂದ ಬಂದ ಗದಾಧರ ಎಂಬಾತನ ಹೆಸರೂ ಇದೆ. ರೈಲು, ಬಸ್ಸು ಇಲ್ಲದ ಕಾಲದಲ್ಲಿ ಅಷ್ಟು ದೂರದವನೊಬ್ಬ ನಮ್ಮೂರ ಬಂಡೆಗಳ ನಡುವೆ ಬಂದು ನಿಂತದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ನಮ್ಮದು ಒಂದು ರಾತ್ರಿಯ ದಾರಿ ಅಷ್ಟೆ.

ಗುಂತಕಲ್ಲು ಬರುವ ಮುಂಚೆಯೇ ಕೇಳಿಬಿಟ್ಟೆ. "ಮಷೀನೂ ಓದಿ, ರೊಕ್ಕದ ಲೆಕ್ಕಾನೂ ಓದಿ... ಎರಡು ದೋಣಿ ಮ್ಯಾಲೆ ಕಾಲಿಟ್ಟಂಗಾಗಲ್ಲೇನವ್ವ?"

"ಮಾಮ, ಸಂಡೂರು ಕಡೆಯಿಂದ ತೋರಣಗಲ್ಲಿನ ಜಿಂದಾಲ್‌ಗೆ ಅದಿರು ತರೋ ಬೆಲ್ಟ್ ನೋಡೀರಲ್ಲ?"

ನೋಡಿದ್ದೆ. ಸುಮಾರು 24 ಕಿಲೋಮೀಟರ್ ಉದ್ದ. ರಬ್ಬರಿನ ಪಟ್ಟಿ ತಾನೇ ಕೊಳವೆಯಂತೆ ಸುತ್ತಿಕೊಂಡು, ಹೊಟ್ಟೆಯೊಳಗೆ ಅದಿರು ಮುಚ್ಚಿಟ್ಟುಕೊಂಡು ಗುಡ್ಡ ಇಳಿದು ಬಯಲಿಗೆ ಬರುತ್ತದೆ. ಲಾರಿಗಳ ಕೆಂಪು ಧೂಳು ಕುಡಿದು ಬೆಳೆದವರು ನಾವು. ಧೂಳೇಳದೆ ಅದಿರು ಹೋಗುವುದನ್ನು ಮೊದಲ ಸಲ ಕಂಡಾಗ ಗಾಡಿ ನಿಲ್ಲಿಸಿ ನೋಡಿದ್ದೆ.

"ಆ ಬೆಲ್ಟ್ ಎಷ್ಟು ಎಳೆತ ತಾಳ್ತೈತಿ ಅನ್ನೋದು ಇಂಜಿನಿಯರಿಂಗ್. ಅದನ್ನ ಕಟ್ಟೋ ಖರ್ಚು ಲಾರಿ ಬಾಡಿಗೆ ಉಳಿಸಿ ಎಷ್ಟು ವರ್ಷಕ್ಕೆ ವಾಪಸ್ ಬರ್ತೈತಿ ಅನ್ನೋದು ವ್ಯವಹಾರ. ಇಬ್ಬರು ಬೇರೆ ಬೇರೆ ಕುಂತು ಲೆಕ್ಕ ಹಾಕಿದ್ರೆ ಬೆಲ್ಟ್ ಮ್ಯಾಲೇಳ್ತಿತ್ತೇನು ಮಾಮ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಹಿಂದೂಪುರ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಜಾಗಕ್ಕೆ ಕಾಲಿಟ್ಟ ಕೂಡಲೇ ಊರಿನ ಸದ್ದು ಹಿಂದೆ ಉಳಿಯಿತು. ಎತ್ತ ನೋಡಿದರೂ ಮರ. ನಮ್ಮದು ಜಾಲಿ ಬೇವಿನ ಸೀಮೆ, ಇಷ್ಟು ನೆರಳು ಒಟ್ಟಿಗೆ ಕಂಡವನಲ್ಲ ನಾನು. ಮೈಸೂರು ಅರಮನೆ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಹುಟ್ಟಿದ ಸಂಸ್ಥೆ. ಕಲ್ಲಿನ ಮುಖ್ಯ ಕಟ್ಟಡದ ಮುಂದೆ ಜೆ.ಎನ್. ಟಾಟಾ ಅವರ ಪ್ರತಿಮೆ. ಕನಸು ಅವರದು, ಆದರೆ ಅದು ಕೈಗೂಡುವ ಮುಂಚೆ 1904ರಲ್ಲೇ ಅವರು ತೀರಿಕೊಂಡಿದ್ದರು. ಚಪ್ಪಲಿ ಬಿಟ್ಟು ನಿಂತೆ.

ಅವಳು ಒಳಗೆ ಹೋದ ಮೇಲೆ ಅಲ್ಲೇ ಓದುವ ಹುಡುಗನೊಬ್ಬ ನನ್ನನ್ನು ಚಹಾಕ್ಕೆ ಕರೆದೊಯ್ದ. ಈ ಮ್ಯಾನೇಜ್‌ಮೆಂಟ್ ವಿಭಾಗ 1940ರ ದಶಕದ ಕೊನೆಗೇ ಬೇರು ಬಿಟ್ಟಿತ್ತಂತೆ. ಸರ್ ಎಂ. ವಿಶ್ವೇಶ್ವರಯ್ಯನವರು 1938ರಿಂದ 1947ರವರೆಗೆ ಇದೇ ಸಂಸ್ಥೆಯ ಕೋರ್ಟ್ ಎಂಬ ಮಂಡಳಿಯ ಅಧ್ಯಕ್ಷರಾಗಿದ್ದರು ಎಂದು ಕೇಳಿದಾಗ ನನಗೆ ಭದ್ರಾವತಿ ಕಣ್ಣಮುಂದೆ ಬಂತು. ನಷ್ಟದಲ್ಲಿದ್ದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದವರು, ಅಣೆಕಟ್ಟು ಕಟ್ಟಿಸಿದ ಅದೇ ಇಂಜಿನಿಯರ್. ಅವರಿಗೆ ಎರಡು ದೋಣಿ ಇರಲಿಲ್ಲ. ಜರ್ಮನಿಯಲ್ಲಂತೂ 1920ರ ದಶಕದಿಂದಲೇ ಇಂಥ ಓದು ಇದೆಯಂತೆ. ವಿರ್ಟ್‌ಶಾಫ್ಟ್ಸ್‌ಇಂಜೆನಿಯರ್ ಎಂದು ಅರ್ಥಶಾಸ್ತ್ರಕ್ಕೂ ಇಂಜಿನಿಯರಿಗೂ ಸೇರಿಸಿ ಒಂದೇ ಪದ ಹೊಲಿದಿದ್ದಾರೆ. ನಾಲ್ಕು ಸಲ ಹೇಳಿಸಿಕೊಂಡೆ.

"ಊರಲ್ಲಿ ಏನು ಬೆಳೀತೀರಿ?" ಎಂದ ಹುಡುಗ.

ಮೆಣಸಿನಕಾಯಿ, ಎಂದೆ. ಅಲ್ಲಿಂದ ಮಾತು ನಿಲ್ಲಲಿಲ್ಲ. ಕಣದಲ್ಲಿ ಹರವಿದ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಬೀಜ ಗಲಗಲ ಎಂದರೆ ಒಣಗಿದೆ. ಬಾಗಿದರೆ ತೇವ ಉಳಿದಿದೆ, ಬೂಜು ಹಿಡಿಯುತ್ತದೆ. ಮುರಿದರೆ ಅತಿಯಾಯಿತು, ತೂಕವೂ ಹೋಯಿತು. ಆಮೇಲೆ ಚೀಲ ತುಂಬಿ ಸುಮಾರು ಇನ್ನೂರು ಕಿಲೋಮೀಟರ್ ದೂರದ ಬ್ಯಾಡಗಿಗೆ. ಸೋಮವಾರ, ಗುರುವಾರ ಅಲ್ಲಿ ಸಂತೆ. ದಲಾಲಿ ಅಂಗಡಿಯ ಮುಂದೆ ಲಾಟು ಹಚ್ಚುತ್ತಾರೆ, ಖರೀದಿದಾರರು ಬಣ್ಣ ನೋಡಿ ಟೆಂಡರ್ ಹಾಕುತ್ತಾರೆ. ಖಾರಕ್ಕಿಂತ ಬಣ್ಣಕ್ಕೇ ಬೆಲೆ ಅಲ್ಲಿ, ಕಾಯಿಯ ಕೆಂಪನ್ನು ಕಾರ್ಖಾನೆಯಲ್ಲಿ ಎಣ್ಣೆಯಾಗಿ ತೆಗೆಯುತ್ತಾರೆ. ಕಂಪ್ಯೂಟರು ದರ ಹೇಳುತ್ತದೆ. ಹಿಡಿಸದಿದ್ದರೆ ಕೋಲ್ಡ್ ಸ್ಟೋರೇಜಿಗೆ ಹಾಕಬೇಕು. ಚೀಲಕ್ಕೆ ಇಷ್ಟು ಬಾಡಿಗೆ, ಮೇಲೆ ಸಾಲದ ಬಡ್ಡಿ.

ಹುಡುಗ ಚಹಾ ಮರೆತಿದ್ದ. ಎದ್ದು ಖಾಲಿ ತರಗತಿಯೊಂದಕ್ಕೆ ಕರೆದೊಯ್ದು ಹಲಗೆಯ ಮೇಲೆ ಬರೆಯತೊಡಗಿದ. ಬಾಡಿಗೆಗೆ ಒಂದಕ್ಷರ, ಬಡ್ಡಿಗೆ ಒಂದು, ದಿನ ಕಳೆದಂತೆ ಮಾಸುವ ಬಣ್ಣಕ್ಕೆ ಇನ್ನೊಂದು, ದರ ಏರುವ ಸಂಭವಕ್ಕೆ ಮತ್ತೊಂದು. ನೂರು ಚೀಲದಲ್ಲಿ ಇವತ್ತು ಮಾರಬೇಕಾದದ್ದು ಎಷ್ಟು, ಇಡಬೇಕಾದದ್ದು ಎಷ್ಟು? ಇಂಗ್ಲಿಷಿನ ಆ ಅಕ್ಷರಗಳ ಸಾಲು ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಪ್ರಶ್ನೆ ತಿಳಿಯಿತು. ಮೂವತ್ತು ವರ್ಷ, ಬ್ಯಾಡಗಿಯ ಕಟ್ಟೆಯ ಮೇಲೆ ಚೀಲಕ್ಕೊರಗಿ, ಬೆರಳ ಗಿಣ್ಣು ಎಣಿಸುತ್ತಾ ನಾನು ಕೇಳಿಕೊಂಡ ಪ್ರಶ್ನೆಯೇ ಅದು. ಇಷ್ಟು ದೊಡ್ಡ ಸಂಸ್ಥೆಯ ಹಲಗೆಯ ಮೇಲೆ ಅದಕ್ಕೆ ಜಾಗವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು.

ಸಂದರ್ಶನ ಚೆನ್ನಾಗಿತ್ತು ಎಂದಳು ಸೊಸೆ. ಹಿಂದಿರುಗುವ ರೈಲಿನಲ್ಲಿ ಹಲಗೆಯ ಸುದ್ದಿಯನ್ನೆಲ್ಲ ಹೇಳಿದೆ. ಕೇಳಿಸಿಕೊಂಡು ತಟ್ಟನೆ ಎದ್ದು ಕೂತಳು. "ಮಾಮ, ಹಳೇ ಪಟ್ಟಿ ಇಟ್ಟೀರೇನು? ದಲಾಲಿ ಅಂಗಡಿಯವು?"

"ಟ್ರಂಕಿನಾಗ ಐತಿ ಎಲ್ಲ."

ಮನೆಗೆ ಬಂದು ಸ್ನಾನವನ್ನೂ ಮಾಡದೆ ಟ್ರಂಕು ತೆಗೆದೆವು. ಕಾಗದದ ಮಡಿಕೆಗಳಲ್ಲಿ ಇನ್ನೂ ಖಾರದ ಪುಡಿ ಇತ್ತು, ಇಬ್ಬರೂ ಸೀನಿದೆವು. ಅವಳು ಹೊಸ ನೋಟ್‌ಬುಕ್ ತೆರೆದು ಲಾಟು, ಚೀಲ, ತೂಕ, ದರ, ಹಮಾಲಿ ಎಂದು ಒಂದೊಂದೇ ಪಟ್ಟಿ ಓದಿ ಬರೆದುಕೊಳ್ಳುತ್ತಾ ಹೋದಳು. ನಾನು ಪಕ್ಕದಲ್ಲಿ ಕೂತು, ಆಯಾ ವರ್ಷದ ಮಳೆ ಹೇಗಿತ್ತು, ಕಾಲುವೆಗೆ ನೀರು ಯಾವಾಗ ಬಂತು ಎಂದು ಹೇಳುತ್ತಾ ಹೋದೆ.