ಮೀನಿಗೆ ಮದ್ದು, ಸಿಗಡಿಗೆ ಮೈಲುತುತ್ತು

ಕಳೆದ ಮಳೆಗಾಲದ ಮಾತು. ಮೂಡುಬಿದಿರೆಯ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಎಂಟು ಗಪ್ಪಿ ಮೀನು, ಹತ್ತು-ಹನ್ನೆರಡು ಕೆಂಪು ಚೆರ್ರಿ ಸಿಗಡಿ ಒಟ್ಟಿಗೇ ಇದ್ದವು. ಶಿಶಿಲದ ಹೊಳೆಯಲ್ಲಿ ದೇವರ ಮೀನುಗಳನ್ನು ನೋಡಿ ಬಂದ ಮೇಲೆ ಮಗಳು ಹಟ ಹಿಡಿದು ತರಿಸಿಕೊಂಡ ಸಂಸಾರ ಅದು. ಅವಳಿಗೆ ಮೀನು ಇಷ್ಟ. ನನಗೆ ಮಾತ್ರ ಸಿಗಡಿ. ಉಗುರಿನಷ್ಟೇ ಇದ್ದರೂ ಇಡೀ ದಿನ ಪುರುಸೊತ್ತಿಲ್ಲದೆ ಪಾಚಿ ಹೆಕ್ಕಿ ತಿನ್ನುತ್ತಿದ್ದವು.

ಜಡಿಮಳೆ ಹಿಡಿದು ನೀರು ತಣ್ಣಗಾದ ವಾರ ಮೀನುಗಳ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು! "ಅಪ್ಪಾ, ಮೀನಿಗೆ ಚಿಕನ್ ಪಾಕ್ಸ್ ಬಂದಿದೆ" ಅಂದಳು ಮಗಳು.

ಬಿ.ಸಿ.ರೋಡಿಗೆ ಹೋದವನು ಬಿಳಿ ಚುಕ್ಕೆಗೆ ಮದ್ದು ಕೇಳಿ ತಂದೆ. ತೊಟ್ಟಿಯಲ್ಲಿ ಸಿಗಡಿಯೂ ಉಂಟು ಅಂತ ನಾನು ಹೇಳಲಿಲ್ಲ, ಲೇಬಲ್ ಓದುವ ತಾಳ್ಮೆಯೂ ಇರಲಿಲ್ಲ. ರಾತ್ರಿ ಹನಿ ಲೆಕ್ಕ ಮಾಡಿ ಹಾಕಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಸಿಗಡಿಗಳೆಲ್ಲ ಮರಳಿನ ಮೇಲೆ ಅಡ್ಡ ಬಿದ್ದಿದ್ದವು... ಒಂದೂ ಉಳಿಯಲಿಲ್ಲ.

ಅದೇ ವಾರ ಬೆಳ್ತಂಗಡಿ ಕಡೆಯ ತೋಟದ ಮನೆಯಿಂದ ಅಪ್ಪ ಬಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದವರೇ, "ಅಲ್ಲ ಮಾರಾಯ, ಇದು ಮೈಲುತುತ್ತಿನ ನೀರಲ್ವಾ? ಮದ್ದಿನ ಡ್ರಮ್ಮು ತೋಡಿನಲ್ಲಿ ತೊಳೆಯಬೇಡ ಅಂತ ನಿನಗೆ ಎಷ್ಟು ಸಲ ಹೇಳಿದ್ದೆ?" ಅಂದರು. ಆಮೇಲೆ ಲೇಬಲ್ ಓದಿದೆ. ಹೌದು, ಕಾಪರ್ ಸಲ್ಫೇಟ್.

ನಾಚಿಕೆಯಾಯ್ತು. ಅಡಿಕೆ ತೋಟದಲ್ಲೇ ಬೆಳೆದವನು ನಾನು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಬೋರ್ಡೋ ದ್ರಾವಣದ ಲೆಕ್ಕ ಬಾಯಿಪಾಠ. ಫ್ರಾನ್ಸಿನಲ್ಲಿ 1880ರ ದಶಕದಲ್ಲಿ ದ್ರಾಕ್ಷಿ ಬಳ್ಳಿಗೆಂದು ಹುಟ್ಟಿದ ಮದ್ದು ಅದು. ಅಡಿಕೆಯ ಕೊಳೆರೋಗಕ್ಕೂ ಅದೇ ಆಗುತ್ತದೆ ಅಂತ ಮೈಸೂರು ಸಂಸ್ಥಾನದಲ್ಲಿ ತೋರಿಸಿಕೊಟ್ಟವರು 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ನನ್ನ ಶಾಲೆ ಫೀಸು ಕಟ್ಟಿದ್ದೂ ಆ ಮದ್ದು ಉಳಿಸಿಕೊಟ್ಟ ಅಡಿಕೆಯೇ. ಆದರೆ ಸಿಗಡಿಗೆ ಅದು ವಿಷ. ತಮಾಷೆ ಅಂದರೆ ಸಿಗಡಿಯ ರಕ್ತದಲ್ಲೇ ತಾಮ್ರ ಉಂಟು. ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅವುಗಳಲ್ಲಿ ತಾಮ್ರ ಮಾಡುತ್ತದೆ. ನೀರಿನಲ್ಲಿ ಮಾತ್ರ ಸ್ವಲ್ಪ ಹೆಚ್ಚಾದರೂ, ಮೀನು ತಡೆದುಕೊಳ್ಳುವಷ್ಟರಲ್ಲೇ, ಅವು ಸಾಯುತ್ತವೆ.

ತೊಟ್ಟಿ ತೊಳೆದು, ಮರಳು ಬದಲಿಸಿ, ಕೆಲವು ತಿಂಗಳ ನಂತರ ಹೊಸ ಸಿಗಡಿ ತಂದೆವು. ಈ ಆಟಿಯಲ್ಲಿ ಹೊಸ ಮೀನೊಂದರ ಜೊತೆ ಚುಕ್ಕೆಯೂ ಮತ್ತೆ ಬಂತು.

ಈ ಸಲ ತೊಟ್ಟಿಗೆ ಏನೂ ಹಾಕಲಿಲ್ಲ. ಮೀನುಗಳನ್ನೆಲ್ಲ ಹಿಡಿದು ಬಾವಿ ನೀರಿನ ಬಕೆಟ್ಟಿಗೆ ಬಿಟ್ಟೆ. ಹತ್ತು ಲೀಟರಿಗೆ 20 ಗ್ರಾಂ ಕಲ್ಲುಪ್ಪು, ಗಾಳಿಗೆ ಒಂದು ಪಂಪು. ಈ ರೋಗದ ಜೀವಿ ಮೀನಿನ ಚರ್ಮದೊಳಗೆ ಇರುವಷ್ಟು ದಿನ ಯಾವ ಮದ್ದೂ ಅದಕ್ಕೆ ತಾಗುವುದಿಲ್ಲ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ನೂರಾರು ಮರಿಯಾಗಿ ಬೇರೆ ಮೀನು ಹುಡುಕುತ್ತಾ ಈಜುತ್ತದೆ. ಅದಕ್ಕೇ ದಿನಾ ಬಕೆಟ್ ಉಜ್ಜಿ ತೊಳೆದು ನೀರು ಬದಲಿಸಿದೆ. ಅತ್ತ ತೊಟ್ಟಿಯಲ್ಲಿ ಉಳಿದ ಮರಿಗಳಿಗೆ ಮೀನೇ ಇಲ್ಲ. ಸಿಗಡಿ ಅವುಗಳಿಗೆ ಆಗುವುದಿಲ್ಲ. ಎರಡು ವಾರ ಮೀನಿಲ್ಲದೆ ಬಿಟ್ಟರೆ ತಾವಾಗಿಯೇ ಸಾಯುತ್ತವೆ.

ಹದಿನೈದನೇ ದಿನ ಮೀನುಗಳು ತೊಟ್ಟಿಗೆ ವಾಪಸ್. ಎರಡು ಹೋದವು, ಉಳಿದವು ಹುಷಾರು. ಸಿಗಡಿ ಒಂದೂ ಹೋಗಲಿಲ್ಲ.

ನಿಮ್ಮಲ್ಲೂ ಇಂಥ ಜಂಟಿ ಸಂಸಾರ ಇದ್ದರೆ ಬಾಟಲಿಯ ಲೇಬಲ್ ಮೊದಲು ಓದಿ ಮಾರಾಯ್ರೆ.

ಮೀನು ಬಿಡುವಾಗ ಮಗಳು ಕೇಳಿದಳು, "ಕಳೆದ ಸಲವೂ ಹೀಗೇ ಮಾಡಬಹುದಿತ್ತಲ್ವಾ ಅಪ್ಪಾ?"

ಮಾಡಬಹುದಿತ್ತು.