ಮಿಶಿಗನ್ನಿನಲ್ಲಿ ಹಳೇ ಗಾಡಿ ಹುಡುಕಿದ ಕತೆ

ಮಿಶಿಗನ್ನಿಗೆ ಹೋಗಿ ಬಂದವರು ಸಾಮಾನ್ಯವಾಗಿ ದೊಡ್ಡ ಸರೋವರಗಳ ಫೋಟೋ ತೋರಿಸುತ್ತಾರೆ. ನನ್ನ ಮೊಬೈಲಿನಲ್ಲಿ ಇರುವುದು ಹಳೇ ಪಿಕಪ್ ಗಾಡಿಗಳ ಹೊಟ್ಟೆಯಡಿಯ ಫೋಟೋಗಳು. ಡೊಂಬಿವಲಿಯ ಬೆಳಗಿನ ವಾಕಿಂಗ್ ಗೆಳೆಯರಿಗೆ ತೋರಿಸಿದರೆ, "ಇಷ್ಟು ದುಡ್ಡು ಖರ್ಚು ಮಾಡಿ ಅಮೆರಿಕಕ್ಕೆ ಹೋಗಿ ಗ್ಯಾರೇಜ್ ನೋಡಿಕೊಂಡು ಬಂದ್ರಾ?" ಎಂದು ನಕ್ಕರು. ಹೆಚ್ಚುಕಡಿಮೆ ಹಾಗೇ ಆಯಿತು.

ನನ್ನ ತಮ್ಮ 22 ವರ್ಷಗಳಿಂದ ಅಲ್ಲಿದ್ದಾನೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ. ಒಂದು ಸೋಮವಾರ ಅವನ ವಿಭಾಗವನ್ನೇ ಮುಚ್ಚಿದರು. ವಯಸ್ಸು 53. ಆರು ತಿಂಗಳು ಬೇರೆ ಕೆಲಸ ಹುಡುಕಿ ಸಾಕಾಗಿ, ಕೈಗೆ ಬಂದಿದ್ದ ಹಣದಲ್ಲಿ ಮರ ಕೊಯ್ಯುವ ಮಿಲ್ಲೊಂದನ್ನು ಕೊಂಡ. ನಮ್ಮೂರ ಕಡೆಯ ಹಾಗೆ ತಗಡಿನ ಶೆಡ್ಡಿನೊಳಗೆ ಕೂತ ಮಿಲ್ಲಲ್ಲ. ಚಕ್ರದ ಮೇಲಿರುವ, ಗಾಡಿಯ ಹಿಂದೆ ಕಟ್ಟಿಕೊಂಡು ಮರ ಇದ್ದಲ್ಲಿಗೇ ಒಯ್ಯುವ ಮಿಲ್ಲು. ಅದನ್ನು ಎಳೆಯುವ ಗಾಡಿ ಮಾತ್ರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ 15,000 ಡಾಲರ್ ತೆಗೆದಿಟ್ಟಿದ್ದ.

"ಅಣ್ಣ, ನೀನು ಮೂವತ್ತು ವರ್ಷ ಬ್ಯಾಂಕಿನಲ್ಲಿ ವಾಹನ ಸಾಲ ನೋಡಿದವನು. ನೀನು ಇಲ್ಲಿರುವಾಗಲೇ ಗಾಡಿ ತಗೊಳ್ತೀನಿ" ಅಂದ.

ಹೋದ ರಾತ್ರಿ ಊಟವಾದ ಮೇಲೆ, ತಮ್ಮ ಕಸದ ಡಬ್ಬ ಹೊರಗಿಡಲು ಹೋದಾಗ, ಅವನ ಹೆಂಡತಿ ತಗ್ಗಿದ ದನಿಯಲ್ಲಿ ಕೇಳಿದಳು: "ಭಾವ, ನಿಜ ಹೇಳಿ. ನೀವು ಮ್ಯಾನೇಜರ್ ಆಗಿದ್ದಾಗ ಇವರು ಇಂಥ ಅರ್ಜಿ ಹಿಡಿದು ಬಂದಿದ್ದರೆ ಸಾಲ ಕೊಡ್ತಿದ್ರಾ?" ಮಗಳು ಇನ್ನೂ ಕಾಲೇಜಿನಲ್ಲಿದ್ದಾಳೆ. ಮನೆಯ ಕಂತು ಬಾಕಿ ಇದೆ. ನಾನು "ನೋಡೋಣಮ್ಮ" ಎಂದು ಹೇಳಿ ನೀರು ಕುಡಿದೆ.

ಅವರ ಮನೆ ಇರುವುದು ಫ್ಲಿಂಟ್ ನಗರದ ಪೂರ್ವಕ್ಕೆ, ಲಪೀರ್ ಎಂಬ ಊರಿನ ಹೊರಗೆ. ಅಕ್ಟೋಬರಿನಲ್ಲಿ ಮೇಪಲ್ ಮರಗಳು ಕುಂಕುಮ, ಅರಿಸಿನ ಎರಚಿದ ಹಾಗಿದ್ದವು. ಅವುಗಳ ನಡುವೆ ಎಲೆಯಿಲ್ಲದ, ಬೂದು ಬಣ್ಣದ ಮರಗಳೂ ನಿಂತಿದ್ದವು. ಚಳಿಗೆ ಬೇಗ ಎಲೆ ಉದುರಿರಬೇಕು ಅಂದುಕೊಂಡೆ. "ಅಲ್ಲಣ್ಣ, ಅವು ಸತ್ತಿವೆ" ಅಂದ ತಮ್ಮ.

ಅವು ಆ್ಯಶ್ ಮರಗಳು. ಬೇಸ್‌ಬಾಲ್ ದಾಂಡು, ಗುದ್ದಲಿಯ ಕಾವು ಮಾಡುವ ಗಟ್ಟಿ ಮರ. ಪೂರ್ವ ಏಷ್ಯಾದಿಂದ ಬಂದ, ಪಚ್ಚೆ ಬಣ್ಣದ ಒಂದು ಸಣ್ಣ ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಮೊದಲು ಪತ್ತೆಯಾಯಿತು. ಅದರ ಮರಿಹುಳು ತೊಗಟೆಯ ಕೆಳಗೆ ಸುರಂಗ ಕೊರೆದು ಮರದೊಳಗೆ ನೀರು, ಆಹಾರ ಸಾಗದಂತೆ ಮಾಡುತ್ತದೆ. ಅಂದಿನಿಂದ ಉತ್ತರ ಅಮೆರಿಕದಲ್ಲಿ ಕೋಟ್ಯಂತರ ಆ್ಯಶ್ ಮರಗಳು ಸತ್ತಿವೆ. ಹುಳು ತಿನ್ನುವುದು ತೊಗಟೆಯ ಅಡಿಯನ್ನು, ಒಳಗಿನ ಮರವನ್ನಲ್ಲ. ಹಾಗಾಗಿ ಬೇಗ ಕೊಯ್ದರೆ ಒಳ್ಳೆಯ ಹಲಗೆ ಸಿಗುತ್ತದೆ. ತಡವಾದರೆ ಮರ ಒಣಗಿ ಪೆಡಸಾಗಿ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಆಮೇಲೆ ಅದು ಸೌದೆ. ದಿಮ್ಮಿಯನ್ನು ದೂರದ ಮಿಲ್ಲಿಗೆ ಸಾಗಿಸಿದರೆ ಖರ್ಚು, ಜೊತೆಗೆ ಹುಳವೂ ಊರೂರಿಗೆ ಹೋಗುತ್ತದೆ. ಅದಕ್ಕೇ ಮಿಲ್ಲು ಮರದ ಹತ್ತಿರ ಹೋಗಬೇಕು. ತಮ್ಮನ ಲೆಕ್ಕಾಚಾರ ಇದು.

ಇದನ್ನು ಕೇಳಿ ನನಗೆ ನೆನಪಾದದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿತ್ತಿಲು. ಚಿಕ್ಕಂದಿನಲ್ಲಿ ಮರ ಕೊಯ್ಯುವವರು ಉದ್ದ ಗರಗಸ ಹೊತ್ತು ಮನೆಗೇ ಬರುತ್ತಿದ್ದರು. ದಿಮ್ಮಿಯನ್ನು ಎತ್ತರದ ಅಟ್ಟಣೆಗೆ ಏರಿಸಿ, ಮಸಿ ಬಳಿದ ದಾರ ಎಳೆದು ಚಿಟಿಕೆ ಹೊಡೆದರೆ ಕಪ್ಪು ಗೆರೆ ಮೂಡುತ್ತಿತ್ತು. ಒಬ್ಬ ಮೇಲೆ, ಒಬ್ಬ ಕೆಳಗೆ. ಕೆಳಗಿದ್ದವನ ತಲೆಯೆಲ್ಲ ಹೊಟ್ಟು. ಹದಿನೈದು ದಿನ ಅವರಿಗೆ ಅಮ್ಮನದೇ ಅಡಿಗೆ. ಆ ಹೊಟ್ಟಿನ ರಾಶಿಯಲ್ಲಿ ಆಡಿದ ಹುಡುಗ ಈಗ ಅದೇ ಕೆಲಸಕ್ಕೆ ಚಕ್ರ ಹಾಕಿಕೊಂಡು ಹೊರಟಿದ್ದಾನೆ, ಅಷ್ಟೇ.

ಮರುದಿನ ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಕೂತೆವು. ಮಿಲ್ಲಿನ ತೂಕ ಸುಮಾರು 4,000 ಪೌಂಡು, ಅಂದರೆ 1,800 ಕಿಲೋ. ಜಾಹೀರಾತುಗಳಲ್ಲಿ ಎಲ್ಲ ಗಾಡಿಗಳೂ ಇದರ ಎರಡರಷ್ಟು ಎಳೆಯುತ್ತವೆ. ಹಾಗಾದರೆ ಯಾವುದಾದರೂ ಆದೀತಲ್ಲ ಎಂದೆ. ತಮ್ಮ ತಲೆಯಲ್ಲಾಡಿಸಿದ. ಟ್ರೇಲರಿನ ತೂಕವೆಲ್ಲ ಅದರ ಚಕ್ರದ ಮೇಲೇ ಕೂರುವುದಿಲ್ಲ. ಶೇ. 10ರಿಂದ 15ರಷ್ಟು ಕೊಂಡಿಯ ಮೂಲಕ ಗಾಡಿಯ ಬೆನ್ನಿಗೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಆಡಲು ಶುರುಮಾಡಿ ಗಾಡಿಯನ್ನೇ ರಸ್ತೆಯಿಂದ ಎಳೆದುಹಾಕುತ್ತದೆ. ನಾವು ಬರೆದ ಲೆಕ್ಕ ಹೀಗಿತ್ತು: ಕೊಂಡಿಯ ಮೇಲೆ 500 ಪೌಂಡು, ಇಬ್ಬರು ಮನುಷ್ಯರು 340, ಚೈನ್ ಗರಗಸ, ಸರಪಳಿ, ಪೆಟ್ರೋಲ್ ಕ್ಯಾನು, ಅಲಗಿನ ಪೆಟ್ಟಿಗೆ, ಸಲಕರಣೆ ಸೇರಿ 450. ಒಟ್ಟು 1,290.

ಮೊದಲು ನೋಡಿದ್ದು ಹೆದ್ದಾರಿ ಬದಿಯ ಒಬ್ಬ ಡೀಲರನ ಬಳಿ. ನಾಲ್ಕು ಬಾಗಿಲಿನ, ಕಡುಗೆಂಪು ಗಾಡಿ. ಚರ್ಮದ ಸೀಟು, ಮೇಲೆ ಗಾಜಿನ ಛಾವಣಿ. "9,000 ಪೌಂಡು ಎಳೆಯುತ್ತದೆ" ಎಂದ ಮಾರಾಟಗಾರ. ತಮ್ಮ ಚಾಲಕನ ಬಾಗಿಲು ತೆರೆದು, ಒಳಗಿನ ಕಂಬಕ್ಕೆ ಅಂಟಿಸಿದ್ದ ಚೀಟಿ ತೋರಿಸಿದ. ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಮೀರಬಾರದು ಎಂದು ಆಯಾ ಗಾಡಿಗೇ ಬರೆದ ಲೆಕ್ಕ ಅದರಲ್ಲಿರುತ್ತದೆ. ಅಲ್ಲಿದ್ದದ್ದು 1,210. ಎಳೆಯುವುದು 9,000, ಹೊರುವುದು 1,210! ಗಾಜಿನ ಛಾವಣಿ, ದೊಡ್ಡ ಸೀಟುಗಳೇ ಹೊರುವ ಪಾಲನ್ನು ತಿಂದುಹಾಕಿದ್ದವು. ಸಂಬಳ ದೊಡ್ಡದಿದ್ದು ಕಂತುಗಳೇ ಅದನ್ನು ನುಂಗಿದ ಅರ್ಜಿದಾರರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ. ನಮ್ಮ 1,290 ಅಲ್ಲಿಗೆ ಹೊಂದಲಿಲ್ಲ.

ಅಲ್ಲಿಯ ಜನ ಪಿಕಪ್‌ಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಕರೆಯುತ್ತಾರೆ. ಹಳೇ ಕಾಲದಿಂದ ಉಳಿದ ಹೆಸರು. ಈಗ ಎಲ್ಲವೂ ಅದಕ್ಕಿಂತ ಹೆಚ್ಚೇ ಹೊರುತ್ತವೆ. ಫೋರ್ಡ್ ಎಫ್-150 ಅರ್ಧ ಟನ್, ಎಫ್-250 ಮುಕ್ಕಾಲು. ಷೆವರ್ಲೆ ಮತ್ತು ರಾಮ್‌ನವರದು 1500, 2500. ನಮಗೆ ಬೇಕಾದದ್ದು ಮುಕ್ಕಾಲು ಟನ್ ಎಂದು ಆ ದಿನ ನಿಶ್ಚಯವಾಯಿತು.

ಎರಡನೆಯ ಗಾಡಿ ನೋಡಲು ಫ್ಲಿಂಟ್ ದಾಟಿ ಹೋದೆವು. 1908ರಲ್ಲಿ ಜನರಲ್ ಮೋಟರ್ಸ್ ಹುಟ್ಟಿದ ಊರು. ಭಾರದ ಪಿಕಪ್‌ಗಳನ್ನು ಕಟ್ಟುವ ದೊಡ್ಡ ಕಾರ್ಖಾನೆ ಈಗಲೂ ಅಲ್ಲಿದೆ. ಆದರೆ ಬೀದಿಗಳಲ್ಲಿ ಹಲಗೆ ಹೊಡೆದು ಮುಚ್ಚಿದ ಮನೆಗಳು, ಹುಲ್ಲು ಬೆಳೆದ ಖಾಲಿ ನಿವೇಶನಗಳು. ಪರೇಲ್, ಲಾಲಬಾಗಿನ ಬಟ್ಟೆ ಗಿರಣಿಗಳು ನಿಂತ ಕಾಲವನ್ನು ಕಂಡ ನನಗೆ ಹೊಸದಲ್ಲ. ಕೆಲಸ ಕಳೆದುಕೊಂಡ ತಮ್ಮನ ಪಕ್ಕದಲ್ಲಿ ಕೂತು ಅದನ್ನು ನೋಡುವುದು ಮಾತ್ರ ಬೇರೆ. ಇಬ್ಬರೂ ಮಾತಾಡಲಿಲ್ಲ.

ಗಾಡಿ ಡೀಸೆಲ್. ಕಪ್ಪು ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. ಗುಡುಗುಡು ಎಂದು ಎದೆಗೆ ತಾಗುವ ದನಿ. ತಮ್ಮನ ಕಣ್ಣು ಮಿನುಗಿದ್ದನ್ನು ನಾನು ನೋಡಿದೆ. ಬೆಲೆಯೂ ನಮ್ಮ ಮಿತಿಯೊಳಗೆ. ಆದರೆ ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬಿಸಿ. ನಾವು ಬರುವ ಮೊದಲೇ ಎಂಜಿನ್ ಓಡಿಸಿ ಇಟ್ಟಿದ್ದರು. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಎಂಬುದನ್ನು ನೋಡದೆ ಹಳೇ ಗಾಡಿ ಕೊಳ್ಳಬಾರದು ಎಂದು ಕುರ್ಲಾದ ಒಬ್ಬ ಮಿಸ್ತ್ರಿ ನನಗೆ ಯಾವತ್ತೋ ಹೇಳಿಕೊಟ್ಟಿದ್ದ. ತಮ್ಮ ನೆಲದ ಮೇಲೆ ರಟ್ಟು ಹಾಸಿ ಕೆಳಗೆ ನುಸುಳಿದ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದ. ಟಣ್, ಟಣ್, ಟಣ್. ಹಿಂದಿನ ಸ್ಪ್ರಿಂಗಿನ ಬಳಿ ಬಂದಾಗ ದನಿ ಬದಲಾಯಿತು. ದಬ್. ಇನ್ನೊಮ್ಮೆ ತಟ್ಟಿದ. ಬಣ್ಣದ ಸಮೇತ ತುಕ್ಕಿನ ಚಕ್ಕೆ ಅವನ ಕನ್ನಡಕದ ಮೇಲೆ ಬಿತ್ತು.

ವಾಪಸು ಬರುವಾಗ ಅವನು ಹೇಳಿದ್ದು ನನಗೆ ಮರೆಯಲಾಗುತ್ತಿಲ್ಲ. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಉಪ್ಪುನೀರು ಚಾಸಿಯ ಸಂದುಗಳಲ್ಲಿ ಕೂತು ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಆ ಉಪ್ಪಿನ ಗಣಿಯೊಂದು ಡೆಟ್ರಾಯಿಟ್ ನಗರದ ಕೆಳಗೇ, ಸುಮಾರು 1,200 ಅಡಿ ಆಳದಲ್ಲಿದೆ. ಮೇಲೆ ಗಾಡಿ ಮಾಡುವ ಊರು, ಅದರ ಕೆಳಗೇ ಗಾಡಿ ತಿನ್ನುವ ಉಪ್ಪು. ಮುಂಬಯಿಯ ಸಮುದ್ರದ ಗಾಳಿಗೆ ಕಿಟಕಿಯ ಗ್ರಿಲ್ಲುಗಳು ಉದುರುವುದನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ.

ಆ ರಾತ್ರಿ ಡೀಸೆಲ್ ಬೇಡ ಎಂದೂ ತೀರ್ಮಾನವಾಯಿತು. ಎಳೆತಕ್ಕೆ ಅದರ ಸಮಾನ ಇಲ್ಲ, ನಿಜ. ಆದರೆ ಈಚಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜರಡಿ ಇರುತ್ತದೆ. ಎಂಜಿನ್ ಚೆನ್ನಾಗಿ ಕಾದು ದೂರ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಹತ್ತು ಮೈಲಿ ಹೋಗಿ ಇಡೀ ದಿನ ನಿಲ್ಲುವ ತಮ್ಮನ ಕೆಲಸಕ್ಕೆ ಅದು ಕಟ್ಟಿಕೊಂಡು ಕೂರುತ್ತದೆ. ರಿಪೇರಿಗೆ ಕೂತರೆ ಸಾವಿರಗಳ ಲೆಕ್ಕ. ಒಂದು ರಿಪೇರಿಯಲ್ಲೇ ಅವನ ವ್ಯಾಪಾರ ಮುಗಿದುಹೋಗಬಹುದು.

ಮೂರನೆಯದು ಸಿಕ್ಕಿದ್ದು ಹತ್ತು ದಿನ ಬಿಟ್ಟು. ಎಫ್-250, 2013ರ ಮಾಡೆಲ್, 6.2 ಲೀಟರಿನ ಪೆಟ್ರೋಲ್ ಎಂಜಿನ್. ಬಿಳಿ ಬಣ್ಣ, ಎರಡೇ ಬಾಗಿಲು, ಪ್ಲಾಸ್ಟಿಕ್ ನೆಲ. ನೋಡಲು ಮುನಿಸಿಪಾಲಿಟಿ ಗಾಡಿಯ ಹಾಗೆ. ಓಡಿದ್ದು 1,18,000 ಮೈಲಿ. ಮಾಲೀಕ ನಿವೃತ್ತ ಎಲೆಕ್ಟ್ರಿಕಲ್ ಗುತ್ತಿಗೆದಾರ. ಎರಡು ವರ್ಷದ ಹಿಂದೆ ದಕ್ಷಿಣದ ಜಾರ್ಜಿಯಾದಿಂದ ತಂದದ್ದಂತೆ. ಅಲ್ಲಿ ಹಿಮ ಅಪರೂಪ, ಉಪ್ಪೂ ಅಷ್ಟೇ. ನಾವು ಹೇಳಿದ್ದರಿಂದ ಎಂಜಿನ್ ಮುಟ್ಟದೆ ಇಟ್ಟಿದ್ದರು. ಬಾನೆಟ್ ತಣ್ಣಗಿತ್ತು. ಒಂದೇ ತಿರುವಿಗೆ ಎದ್ದಿತು. ಕೆಳಗೆ ಚಾಸಿಯ ಮೇಲೆ ಕಂದು ಧೂಳಿನಂಥ ತುಕ್ಕು, ಆದರೆ ತಟ್ಟಿದಲ್ಲೆಲ್ಲ ಟಣ್. ಬಾಗಿಲ ಚೀಟಿಯಲ್ಲಿ ಹೊರುವ ಭಾರ 3,000 ಪೌಂಡಿಗೂ ಮೇಲೆ.

ಕಾಗದ ನೋಡುವುದು ನನ್ನ ಪಾಲು. ಟೈಟಲ್ ಎಂಬ ಒಡೆತನದ ಪತ್ರದಲ್ಲಿ ಸಾಲದ ಹೊರೆ ಇದೆಯೇ, ಅಪಘಾತದಲ್ಲಿ ಜಖಂ ಆದ ಮುದ್ರೆ ಇದೆಯೇ, ಪತ್ರದಲ್ಲಿರುವ 17 ಅಕ್ಷರ-ಅಂಕಿಗಳ ಸಂಖ್ಯೆಯೂ ಗಾಡಿಯ ಮೇಲಿನದೂ ಒಂದೇಯೇ ಎಂದು ಕನ್ನಡಕ ಹಾಕಿ ಓದಿದೆ. ನಮ್ಮ ಆರ್‌ಸಿ ಪುಸ್ತಕದ ಅಣ್ಣತಮ್ಮನೇ. ಟಯರುಗಳನ್ನೂ ಓದಿದೆ. ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 3216 ಎಂದಿತ್ತು. 2016ರ 32ನೇ ವಾರದಲ್ಲಿ ಮಾಡಿದ್ದು. ಹಳೆಯವು. ಅದನ್ನು ತೋರಿಸಿ, ಬೇರೆ ಮೆಕ್ಯಾನಿಕ್ ಒಬ್ಬನಿಂದ 150 ಡಾಲರ್ ಕೊಟ್ಟು ತಪಾಸಣೆ ಮಾಡಿಸಿ, 14,500 ಎಂದವರನ್ನು 13,200ಕ್ಕೆ ಇಳಿಸಿದೆವು. ಹೊಸ ಟಯರಿಗೆ ಉಳಿದದ್ದು ಹೋಯಿತು. ಮಿಶಿಗನ್ನಿನಲ್ಲಿ ಬೆಲೆಯ ಮೇಲೆ ಶೇ. 6 ತೆರಿಗೆ. ಅದು ನಮ್ಮ 15,000ದ ಗೆರೆ ದಾಟಿಸಿತು. ಹೆಸರು ಬದಲಾಯಿಸುವಾಗ ಮಾಲೀಕರು ತಮ್ಮ ನಂಬರ್ ಪ್ಲೇಟ್ ಬಿಚ್ಚಿ ಇಟ್ಟುಕೊಂಡರು. ಅಲ್ಲಿ ನಂಬರು ಗಾಡಿಯದಲ್ಲ, ಮನುಷ್ಯನದು.

ಮೊದಲ ಕೆಲಸಕ್ಕೆ ನಾನೂ ಹೋದೆ. ಮಿಲ್ಲಿಗೆ ಅದರದೇ ವಿದ್ಯುತ್ ಬ್ರೇಕ್ ಇದೆ. ಗಾಡಿಯೊಳಗಿನ ಪುಟ್ಟ ಕಂಟ್ರೋಲರ್ ಅದಕ್ಕೆ ಎಷ್ಟು ಬಿಗಿ ಬೇಕೆಂದು ಹೇಳುತ್ತದೆ. ಏರಿನಲ್ಲಿ ಎಂಜಿನ್ ಸ್ವಲ್ಪ ಕೂಗಿತು. ಆ ಡೀಸೆಲ್ ಆಗಿದ್ದರೆ ಕೂಗುತ್ತಿರಲಿಲ್ಲ. ಇಳಿಜಾರಿನ ಕೊನೆಗೆ ಕೆಂಪು ದೀಪ. ತಮ್ಮ ಬ್ರೇಕ್ ಒತ್ತಿದ. ಹಿಂದೆ ಎರಡು ಟನ್ ಕಬ್ಬಿಣ ಇದ್ದರೂ ಗಾಡಿ ಬಾಗದೆ, ತಳ್ಳಿಸಿಕೊಳ್ಳದೆ, ಗೆರೆಯ ಹಿಂದೆಯೇ ನಿಂತಿತು. ಅವನು ಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಒಬ್ಬ ಅಜ್ಜಿಯ ಹಿತ್ತಿಲಿನ ಆ್ಯಶ್ ಮರ. ಆಕೆಯ ಗಂಡ ನೆಟ್ಟದ್ದಂತೆ. ಸಂಜೆಯ ಹೊತ್ತಿಗೆ ಬಿಳಿ ಹಲಗೆಗಳು ಒಂದರ ಮೇಲೊಂದು ಪಟ್ಟಿಕಡ್ಡಿ ಇಟ್ಟು ಪೇರಿಸಿ ನಿಂತವು. ಊಟದ ಮೇಜು ಮಾಡಿಸುತ್ತಾರಂತೆ. ತಮ್ಮನ ತಲೆಯೆಲ್ಲ ಹೊಟ್ಟು.

ಹೊರಡುವ ಹಿಂದಿನ ರಾತ್ರಿ ಅವನ ಹೆಂಡತಿ ಮತ್ತೆ ಕೇಳಿದಳು: "ಭಾವ, ನೀವು ಉತ್ತರ ಹೇಳಲೇ ಇಲ್ಲ."

"ಮಿಲ್ಲಿಗೆ ಕೊಡ್ತಿರಲಿಲ್ಲಮ್ಮ. ಒಂದು ಮರಕ್ಕೆ ಎಷ್ಟು ದಿನ, ತಿಂಗಳಿಗೆ ಎಷ್ಟು ಕೆಲಸ, ಯಾವ ಲೆಕ್ಕವೂ ಅವನ ಹತ್ತಿರ ಇನ್ನೂ ಇಲ್ಲ. ಗಾಡಿಗೆ ಕೊಡ್ತಿದ್ದೆ. ಮಿಲ್ಲು ನಿಂತರೂ ಅದಕ್ಕೆ ಕೆಲಸ ಇದೆ. ಚಳಿಗಾಲದಲ್ಲಿ ಹಿಮ ತಳ್ಳಬಹುದು, ಸಾಮಾನು ಹೊರಬಹುದು, ನಾಳೆ ಮಾರಿದರೂ ಹತ್ತು ಸಾವಿರ ಬರುತ್ತೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಫ್ರಿಜ್ಜಿನ ಮೇಲಿದ್ದ ಹೊಸ ನೋಟುಬುಕ್ಕು ತೆಗೆದಳು. ಮೊದಲ ಪುಟದಲ್ಲಿ ಅಜ್ಜಿಯ ಮನೆಯ ಕೆಲಸ, ಗಂಟೆ, ಪೆಟ್ರೋಲು, ಬಂದ ಹಣ ಬರೆದು ಗೆರೆ ಎಳೆದಿದ್ದಳು. "ಲೆಕ್ಕ ನಾನು ಇಡ್ತೀನಿ ಭಾವ. ಮುಂದಿನ ಸಲ ಬಂದಾಗ ಇದನ್ನು ನೋಡಿ ಹೇಳಿ" ಅಂದಳು.

ಡೊಂಬಿವಲಿಗೆ ಬಂದು ನಾಲ್ಕು ತಿಂಗಳಾಯಿತು. ತಿಂಗಳ ಕೊನೆಗೆ ಆ ಪುಸ್ತಕದ ಒಂದು ಪುಟದ ಫೋಟೋ ಬರುತ್ತದೆ. ಜನವರಿಯ ಪುಟದಲ್ಲಿ ಮರದ ಕೆಲಸ ಒಂದೂ ಇರಲಿಲ್ಲ. ಹಿಮ ತಳ್ಳಿದ್ದು ಹನ್ನೊಂದು ಸಲ.