ಲಾಭ, ಎರಡು, ಮೂರು

ಬೆಂಗಳೂರಿನ ಯಾವುದಾದರೂ ಸಾಫ್ಟ್‌ವೇರ್ ಕಂಪನಿಯ ಕೆಫೆಟೇರಿಯಾದಲ್ಲಿ ಹತ್ತು ನಿಮಿಷ ಕೂತು ನೋಡಿ. ಮಂಡಿಗೆ ಬ್ರೇಸ್ ಕಟ್ಟಿಕೊಂಡು, ಒಂದು ಕಾಲು ಎಳೀತಾ, ಟ್ರೇ ಹಿಡಿದುಕೊಂಡು ಬರುವ ಮೂವತ್ತರ ಆಸುಪಾಸಿನ ಒಬ್ಬ ಗಂಡಸು ಕಣ್ಣಿಗೆ ಬಿದ್ದೇ ಬೀಳ್ತಾನೆ. ವಿಚಾರಿಸಿದರೆ ಉತ್ತರ ಎರಡೇ: ಶನಿವಾರದ ಶಟಲ್, ಇಲ್ಲಾ ಭಾನುವಾರದ ಟರ್ಫ್ ಕ್ರಿಕೆಟ್. ನಾನು ಎರಡನೇ ಗುಂಪಿನವನು. ಎರಡನೇ ರನ್ನಿಗೆ ತಿರುಗುವಾಗ ಬಲಮಂಡಿಯೊಳಗೆ 'ಟಪ್' ಅಂತ ಒಂದು ಸದ್ದು, ಅಷ್ಟೇ. ಎಸಿಎಲ್ ಹರಿದಿತ್ತು.

ಆಪರೇಷನ್ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಅದು ಡಾಕ್ಟರ ಕೆಲಸ, ನಾನು ನಿದ್ದೆಯಲ್ಲಿದ್ದೆ. ಎರಡು ಗಂಟೆಯೊಳಗೆ ಮುಗಿಯಿತು. ಆಮೇಲಿನ ಒಂಬತ್ತು ತಿಂಗಳಿದೆಯಲ್ಲ, ಅದು ನಮ್ಮ ಕೆಲಸ. ಅದರ ಬಗ್ಗೆ ಯಾರೂ ಮಾತಾಡಲ್ಲ.

ನಮ್ಮ ಬಾಡಿಗೆ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಾಗಾಗಿ ವರ್ಕ್ ಫ್ರಮ್ ಹೋಮ್ ಬರೆಸಿಕೊಂಡು ಊರಿಗೆ ಬಂದೆ. ನಮ್ಮೂರು ಭಾರತೀನಗರ. ಬಸ್ಸಿನ ಬೋರ್ಡಿನಲ್ಲಿ ಕೆ.ಎಂ. ದೊಡ್ಡಿ, ಹಳಬರ ಬಾಯಲ್ಲಿ ಕಾಳಮುದ್ದನದೊಡ್ಡಿ. ಸಕ್ಕರೆ ಕಾರ್ಖಾನೆಯ ಊರು. ಕಬ್ಬು ಅರೆಯುವ ಕಾಲದಲ್ಲಿ ರಸ್ತೆ ತುಂಬಾ ಟ್ರ್ಯಾಕ್ಟರು, ಎತ್ತಿನಗಾಡಿ. ಗಾಳಿಯಲ್ಲಿ ಬೆಲ್ಲದ ಪಾಕ ಸೀದ ಥರದ ವಾಸನೆ.

ಮೊದಲ ವಾರದಲ್ಲಿ ನನಗಾದ ಗಾಬರಿ ನೋವಿನದ್ದಲ್ಲ. ಮಲಗಿಕೊಂಡು 'ಕಾಲು ಎತ್ತು' ಅಂತ ಮನಸ್ಸಿನಲ್ಲೇ ಆರ್ಡರ್ ಕೊಟ್ಟರೆ ಕಾಲು ಅಲ್ಲಾಡಲಿಲ್ಲ. ನೋವಾಗಿ ನಿಂತಿದ್ದಲ್ಲ, ಸುಮ್ಮನೆ ಏಳಲೇ ಇಲ್ಲ. ಬೇರೆ ಯಾರದೋ ಕಾಲು ಪಕ್ಕದಲ್ಲಿಟ್ಟ ಹಾಗೆ. ಮಂಡ್ಯದ ಫಿಸಿಯೋ ಮೇಡಂ ನಕ್ಕು ವಿವರಿಸಿದರು. ಮಂಡಿಯೊಳಗೆ ಬಾವು ಬಂದು ನೀರು ತುಂಬಿದಾಗ, ಅಲ್ಲಿನ ನರಗಳು ಮಿದುಳುಬಳ್ಳಿಗೆ 'ಈ ಕೀಲು ಸರಿಯಿಲ್ಲ' ಅಂತ ಸುದ್ದಿ ಕಳಿಸುತ್ತವೆ. ಅಲ್ಲಿಂದ ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳಿಗೆ ಹೋಗುವ ಆದೇಶ ಕಡಿತ. ನೋವೇ ಇಲ್ಲದ ಆರೋಗ್ಯವಂತರ ಮಂಡಿಗೆ ಉಪ್ಪುನೀರು ಚುಚ್ಚಿ ನೋಡಿದ್ದಾರಂತೆ. ಕೆಲವೇ ಚಮಚ ಹೋದರೂ ಸ್ನಾಯು ಮಂಕಾಗುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹಾರ್ಡ್‌ವೇರ್ ಸರಿಯಿದೆ, ಕೇಬಲ್ ಸರಿಯಿದೆ, ಸಿಸ್ಟಮ್ಮೇ ಡ್ರೈವರ್ ಡಿಸೇಬಲ್ ಮಾಡಿದೆ. ಬಳಸದ ಸ್ನಾಯು ದಿನದಿನಕ್ಕೆ ಕರಗುತ್ತದೆ. ಎರಡನೇ ವಾರ ಟೇಪ್ ಹಿಡಿದು ನೋಡಿದರೆ ಬಲತೊಡೆ ಎಡತೊಡೆಗಿಂತ ಮೂರು ಸೆಂಟಿಮೀಟರ್ ಸಣ್ಣ.

ಅದಕ್ಕೆ ಮದ್ದು ಏನು ಗೊತ್ತಾ? ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ನೆಲಕ್ಕೆ ಒತ್ತುವುದು. ಐದು ಸೆಕೆಂಡ್ ಒತ್ತು, ಬಿಡು. ದಿನಕ್ಕೆ ನೂರಾರು ಸಲ. ನೋಡಿದವರಿಗೆ ನಾನು ಏನೋ ಮಾಡ್ತಿದ್ದೀನಿ ಅಂತಲೂ ಗೊತ್ತಾಗಲ್ಲ. 'ಇದೇನ್ಲಾ, ಸುಮ್ನೆ ಮಲ್ಕಂಡು ಬೆವುರ್ತಾ ಇದ್ದೀಯ' ಅಂದಳು ಅವ್ವ.

ಊರಿನಲ್ಲಿ ಬಂದವರೆಲ್ಲ ಹೇಳಿದ್ದು ಒಂದೇ ಮಾತು: 'ಅಲ್ಲಾಡಿಸ್ಬ್ಯಾಡ ಮಗ, ಆರು ತಿಂಗ್ಳು ರೆಸ್ಟ್ ತಕೊ.' ಕಾಲ್ಸೂಪು ಬಂತು, ಎಣ್ಣೆ ಬಂತು, ಎಲ್ಲ ಪ್ರೀತಿಯಿಂದಲೇ. ಆದರೆ ಮೂಳೆ ಮುರಿದವನಿಗೂ ಸ್ನಾಯು ಕಳಕೊಂಡವನಿಗೂ ಒಂದೇ ಮದ್ದಲ್ಲ. ಅದನ್ನು ಮೊದಲು ಒಪ್ಪಿಕೊಂಡವಳು ಅವ್ವ. ಲೆಕ್ಕ ಇಡುವ ಕೆಲಸ ತಾನೇ ವಹಿಸಿಕೊಂಡಳು. ರಾಗಿ ಅಳೆಯುವಾಗ ಅವಳು 'ಒಂದು' ಅನ್ನಲ್ಲ, ಮೊದಲ ಸೇರಿಗೆ 'ಲಾಭ' ಅಂತಾಳೆ. ನನ್ನ ಕಾಲಿಗೂ ಅದೇ ಲೆಕ್ಕ. 'ಲಾಭ... ಎರಡು... ಮೂರು... ಒಸಿ ಮ್ಯಾಕೆತ್ತು, ಮಂಡಿ ಬಗ್ತಾ ಅದೆ.' ಕಾಲು ಎತ್ತುವಾಗ ಮಂಡಿ ಬಗ್ಗಿದರೆ ಆ ಸ್ನಾಯು ಇನ್ನೂ ಪೂರ್ತಿ ಎದ್ದಿಲ್ಲ ಅಂತ ಅರ್ಥ. ಫಿಸಿಯೋ ಒಮ್ಮೆ ತೋರಿಸಿದ್ದನ್ನು ಅವಳು ಹಿಡಿದುಕೊಂಡಿದ್ದಳು. ಸಣ್ಣ ಮೋಸವನ್ನೂ ಬಿಡುತ್ತಿರಲಿಲ್ಲ.

ಕಾಲು ನೆಟ್ಟಗೆ ಎದ್ದ ಮೇಲೆ ತೂಕ ಕಟ್ಟಬೇಕು ಅಂದರು. ಅವ್ವ ಹಳೇ ಪಂಚೆ ಹರಿದು ಚೀಲ ಹೊಲಿದಳು. ಅರ್ಧ ಕೆಜಿ ರಾಗಿ, ಆಮೇಲೆ ಒಂದು, ಆಮೇಲೆ ಎರಡು.

ಈ ತೂಕ ಏರಿಸುವ ಲೆಕ್ಕಕ್ಕೆ ಒಂದು ಇತಿಹಾಸವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರಿಂದ ಆಸ್ಪತ್ರೆಗಳು ತುಂಬಿ ಹೋಗಿದ್ದವು. ಅವರಿಗೆ ಹಗುರ ವ್ಯಾಯಾಮವನ್ನೇ ನೂರಾರು ಸಲ ಮಾಡಿಸುತ್ತಿದ್ದರು, ಬಲ ಬರುತ್ತಿರಲಿಲ್ಲ. ಶಿಕಾಗೋದ ಸೇನಾ ಆಸ್ಪತ್ರೆಯಲ್ಲಿದ್ದ ಥಾಮಸ್ ಡಿಲಾರ್ಮ್ ಎಂಬ ಯುವ ಡಾಕ್ಟರು ಇದನ್ನು ತಿರುಗಿಸಿದರು. ಅವರೇ ಚಿಕ್ಕಂದಿನಲ್ಲಿ ಕಾಯಿಲೆಯಿಂದ ಎದ್ದು, ಭಾರ ಎತ್ತಿ ದೇಹ ಕಟ್ಟಿಕೊಂಡವರು. ಆಪರೇಷನ್ ಆದ ಮಂಡಿಯವರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿಸಿ, ಭಾರ ಜಾಸ್ತಿ ಮಾಡುತ್ತಾ ಹೋದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. 1948ರ ಹೊತ್ತಿಗೆ ಲೆಕ್ಕ ಸರಳವಾಯಿತು: ನೀವು ಹತ್ತೇ ಸಲ ಎತ್ತಬಲ್ಲ ಭಾರ ಎಷ್ಟೋ ಅದರ ಅರ್ಧದಲ್ಲಿ ಹತ್ತು, ಮುಕ್ಕಾಲಿನಲ್ಲಿ ಹತ್ತು, ಪೂರ್ತಿಯಲ್ಲಿ ಹತ್ತು. ಇವತ್ತು ಎಲ್ಲ ಜಿಮ್ಮಿನಲ್ಲೂ ಕೇಳುವ 'ಮೂರು ಸೆಟ್, ಹತ್ತು ರೆಪ್' ಅಲ್ಲಿಂದ ಬಂದದ್ದು. ಇದನ್ನು ಹೇಳಿದಾಗ ಅಪ್ಪ ಅಂದ: 'ಗರಡಿ ಮನೇಲಿ ಗುಂಡುಕಲ್ಲು ಎತ್ತೋರು ಇನ್ನೇನ್ಲಾ ಮಾಡ್ತಿದ್ರು? ಚಿಕ್ಕ ಕಲ್ಲಿಂದ್ಲೇ ಶುರು.'

ಕ್ರಿಕೆಟ್ ನೋಡುವವರಿಗೆ ಹತ್ತಿರದ ಉದಾಹರಣೆ ನಮ್ಮ ಕೆ.ಎಲ್. ರಾಹುಲ್. 2023ರ ಮೇ 1ರಂದು ಲಖನೌನಲ್ಲಿ ಆರ್‌ಸಿಬಿ ಮ್ಯಾಚಿನಲ್ಲಿ ಚೆಂಡಿನ ಹಿಂದೆ ಓಡುತ್ತಾ ತೊಡೆ ಹಿಡಿದುಕೊಂಡು ಬಿದ್ದರು. ಮೊದಲು ಆಪರೇಷನ್, ಆಮೇಲೆ ಬೆಂಗಳೂರಿನ ಎನ್‌ಸಿಎಯಲ್ಲಿ ತಿಂಗಳುಗಟ್ಟಲೆ ಕಸರತ್ತು. ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಮೇಲೆ ಔಟಾಗದೆ 111. ನಾವು ನೋಡಿದ್ದು ಆ 111 ಮಾತ್ರ.

ರಾಹುಲ್‌ಗೆ ಎನ್‌ಸಿಎ ಇತ್ತು, ನನಗೆ ಅವ್ವ ಮತ್ತು ಸಂಬಳ ಇತ್ತು. ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಟ್ಟ ಇನ್ಶೂರೆನ್ಸಿನವರು ಫಿಸಿಯೋ ಬಿಲ್ಲಿಗೆ ಒಂದು ರೂಪಾಯಿ ಕೊಡಲಿಲ್ಲ. ಕೈಯಿಂದ ಹಾಕಿದೆ, ನಡೀತು. ಎರಡೂ ಇಲ್ಲದವರ ಕಥೆ ನಮ್ಮ ಬೀದಿಯಲ್ಲೇ ಇತ್ತು.

ಪಕ್ಕದ ಮನೆಯ ಅಣ್ಣ ಕಬ್ಬು ಕಡಿಯುವವನು. ಬೈಕಿಂದ ಬಿದ್ದು ಮಂಡಿಚಿಪ್ಪು ಮುರಿದು, ಒಂದು ಆಸ್ಪತ್ರೆಯಲ್ಲಿ ತಂತಿ ಹಾಕಿಸಿಕೊಂಡು ಬಂದು ಎಂಟು ತಿಂಗಳಾಗಿತ್ತು. ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಗದ್ದೆಗೆ ಹೋಗುವುದು ನಿಂತು, ಹೆಂಡತಿ ಒಬ್ಬಳ ಕೂಲಿಯಲ್ಲಿ ಮನೆ ನಡೀತಿತ್ತು. 'ಆಪ್ರೇಸನ್ನೇ ಸರೀಗ್ ಮಾಡಿಲ್ಲ ಕಣಪ್ಪ' ಅಂತ ಅವನ ನಂಬಿಕೆ. ನನ್ನ ರಾಗಿ ಚೀಲ ನೋಡಿ ಕುತೂಹಲದಿಂದ ತನ್ನ ಫೈಲು ತಂದ. ಎಕ್ಸ್‌ರೇ ಹಿಂದೆ ಒಂದು ಹಾಳೆ ನೀಟಾಗಿ ಮಡಚಿ ಕೂತಿತ್ತು. ಆರು ವ್ಯಾಯಾಮ, ಚಿತ್ರದ ಸಮೇತ, ಪೂರ್ತಿ ಇಂಗ್ಲಿಷಿನಲ್ಲಿ. ಅದು ಬಿಲ್ಲು ಅಂದುಕೊಂಡು ಜೋಪಾನ ಮಾಡಿದ್ದನಂತೆ.

ಮಂಡ್ಯಕ್ಕೆ ನನ್ನ ಜೊತೆ ಕರಕೊಂಡು ಹೋದೆ. ಮೇಡಂ ಎಕ್ಸ್‌ರೇ ನೋಡಿ, ಕಾಲು ಮುಟ್ಟಿ ನೋಡಿ, ಏನು ಮಾಡಬಹುದು, ಏನು ಕೂಡದು ಅಂತ ಹೇಳಿದರು. ಹಾಳೆಯ ಹಿಂಬದಿಯಲ್ಲಿ ನಾನು ಕನ್ನಡದಲ್ಲಿ ಬರೆದೆ. ಜಗಲಿಯ ಮೇಲೆ ಕೂತು ಕೈ ಊರದೆ ಏಳುವುದು ಅವನ ಮುಖ್ಯ ಪಾಠ. ಮೊದಲು ಎತ್ತರಕ್ಕೆ ಎರಡು ದಿಂಬು, ಆಮೇಲೆ ಒಂದು, ಆಮೇಲೆ ಬರೀ ಜಗಲಿ. ಸಂಜೆ ಆರಕ್ಕೆ ನಮ್ಮಿಬ್ಬರಿಗೂ ಅವ್ವನೇ ಮೇಸ್ಟ್ರು. ಮೂರು ತಿಂಗಳಲ್ಲಿ ಕೈ ಊರದೆ ಹತ್ತು ಸಲ ಎದ್ದ. ಮಂಡಿ ಪೂರ್ತಿ ಬಗ್ಗುವುದು ಮಾತ್ರ ವಾಪಸ್ ಬರಲಿಲ್ಲ, ತುಂಬಾ ತಡವಾಗಿತ್ತು. ಕಬ್ಬಿನ ಹೊರೆ ಹೊತ್ತು ಲಾರಿ ಹತ್ತಲು ಆಗಲ್ಲ. ಆದರೆ ಬದುವಿನ ಮೇಲೆ ನಡೆದು ಗದ್ದೆಗೆ ನೀರು ಕಟ್ಟುತ್ತಾನೆ, ಅರ್ಧ ಕೂಲಿ ಹುಟ್ಟುತ್ತೆ.

ನನ್ನ ಬಲಗಾಲು ಹತ್ತನೇ ತಿಂಗಳಲ್ಲಿ ಎಡಗಾಲಿನ ಶೇಕಡಾ 92ರಷ್ಟು ಬಲಕ್ಕೆ ಬಂತು. ಆಟಕ್ಕೆ ಮರಳಲು ಸಾಮಾನ್ಯವಾಗಿ ಕೇಳುವುದು ಕನಿಷ್ಠ ಒಂಬತ್ತು ತಿಂಗಳು ಮತ್ತು ಶೇಕಡಾ 90. ಅದಕ್ಕೆ ಮುಂಚೆ 'ನೋವಿಲ್ವಲ್ಲ' ಅಂತ ಟರ್ಫಿಗಿಳಿದವರು ಮತ್ತೆ ಹರಿದುಕೊಂಡು ಬರುವುದು ಜಾಸ್ತಿ.

ನಿಮಗೋ ನಿಮ್ಮ ಮನೆಯವರಿಗೋ ಮಂಡಿ ಆಪರೇಷನ್ ಅಂತಾದರೆ, ಖರ್ಚೆಷ್ಟು ಅಂತ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ: ಎಷ್ಟು ತಿಂಗಳು ವ್ಯಾಯಾಮ, ಅದನ್ನು ಹೇಳಿಕೊಡೋರು ಯಾರು? ಊರಿಗೆ ಹೋದಾಗ ಅಕ್ಕಪಕ್ಕ ಯಾರಾದರೂ ಹಳೇ ಫೈಲು ಹಿಡಿದು ಕುಂಟುತ್ತಿದ್ದರೆ ಬಿಚ್ಚಿ ನೋಡಿ. ಒಳಗೆ ಇಂಗ್ಲಿಷಿನ ಒಂದು ಹಾಳೆ ಇದ್ದರೂ ಇರಬಹುದು. ಹಿಂಬದಿ ಖಾಲಿಯೇ ಇರುತ್ತೆ. ಕನ್ನಡದಲ್ಲಿ ಬರೆದುಕೊಡೋಕೆ ಹತ್ತು ನಿಮಿಷ ಸಾಕು.